ಮಕ್ಕಳಿಗೆ ಓಟ ಕಲಿಸುವುದೂ ಸೇವೆ ಅಲ್ವಾ?

ಧಾರವಾಡದ ಓಟಗಾರ:
ಎರಡು ವರ್ಷದಿಂದ ನಮ್ಮ ಓಣಿಯ 14 ಮಕ್ಕಳಿಗೆ ಬೆಳಿಗ್ಗೆ ಐದೂವರೆಗೆ ಓಟ ಕಲಿಸುತ್ತಿದ್ದೇನೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ದೇವರು ನನಗೆ ಕೊಟ್ಟಿದ್ದನ್ನು ಹಂಚಬೇಕು ಅನ್ನಿಸಿ ಶುರು ಮಾಡಿದ್ದು. ಮಕ್ಕಳಲ್ಲಿ ನಮ್ಮ ಸಭೆಯವರು ಇಬ್ಬರೇ, ಉಳಿದವರು ಹಿಂದೂ, ಮುಸ್ಲಿಂ ಮನೆಯವರು. ಅವರ ಮುಂದೆ ನಾನು ಬೈಬಲ್ ತೆಗೆಯುವುದಿಲ್ಲ. ಅಪ್ಪ-ಅಮ್ಮ ಓಟ ಕಲಿಯಲಿ ಅಂತ ನಂಬಿ ಕಳಿಸುತ್ತಾರೆ, ಆ ನಂಬಿಕೆ ಮುರಿಯಲು ನನಗೆ ಮನಸ್ಸಿಲ್ಲ. ಮೊನ್ನೆ ಸಭೆಯ ಹಿರಿಯರೊಬ್ಬರು "ದೇವರ ಮಾತೇ ಇಲ್ಲ ಅಂದ್ರೆ ಅದು ಸುಮ್ನೆ ಆಟ, ಸೇವೆ ಹೇಗಾಗುತ್ತೆ?" ಅಂದರು. ಅದರ ಮೇಲೆ ಕ್ರೀಡಾಕೂಟಗಳು ಜಾಸ್ತಿ ಭಾನುವಾರವೇ ಬರುತ್ತವೆ, ಆರಾಧನೆ ತಪ್ಪುತ್ತದೆ. ಮನಸ್ಸಿಗೆ ಸಮಾಧಾನವಿಲ್ಲ. ಯಾರಾದರೂ ದಾರಿ ಹೇಳಿ.

ಶಾಂತಕ್ಕ:
ಬ್ರದರ್, ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಕಥೆ ನಿಮಗೆ ಗೊತ್ತಿರಬಹುದು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಹೀಟ್ಸ್ (ಮೊದಲ ಸುತ್ತು) ಭಾನುವಾರ ಬಿತ್ತು ಅಂತ ಅದನ್ನು ಬಿಟ್ಟು, 400 ಮೀಟರನ್ನು 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದವರು. ಚರ್ಚಿನಲ್ಲಿ ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಕಣ್ಣು ತೇವವಾಗುವುದು ಮುಂದಿನದಕ್ಕೆ. ಮರುವರ್ಷ ಚೀನಾಕ್ಕೆ ಹೋಗಿ ಮಿಷನ್ ಶಾಲೆಯಲ್ಲಿ ಮೇಷ್ಟ್ರಾದರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1943ರಲ್ಲಿ, ಚೀನಾಕ್ಕೆ ನುಗ್ಗಿದ್ದ ಜಪಾನಿಯರು ಅವರನ್ನು ಅಲ್ಲಿನ ವೈಷಿಯೆನ್ ಶಿಬಿರದಲ್ಲಿ ಕೂಡಿಹಾಕಿದರು. ಅಪ್ಪ-ಅಮ್ಮನಿಂದ ದೂರವಾದ ಎಷ್ಟೋ ಮಕ್ಕಳು ಅಲ್ಲಿದ್ದರು. ಅವರಿಗೆ ಆಟ ಆಡಿಸುವುದು, ಮುರಿದ ಹಾಕಿ ಸ್ಟಿಕ್ ಸರಿಮಾಡಿ ಕೊಡುವುದು, ಎಲ್ಲ ಇವರೇ, ಭಾನುವಾರ ಒಂದು ಬಿಟ್ಟು. ಒಂದು ಭಾನುವಾರ ಮಕ್ಕಳು ತಾವೇ ಹಾಕಿ ಆಡಲು ಹೋಗಿ, ಅಂಪೈರ್ ಇಲ್ಲದೆ ಹೊಡೆದಾಟವಾಯಿತು. ಮುಂದಿನ ಭಾನುವಾರ ಲಿಡೆಲ್ ಬಂದು ಅಂಪೈರ್ ಆಗಿ ನಿಂತರು! ಒಲಿಂಪಿಕ್ ಪದಕಕ್ಕೂ ಬಿಟ್ಟುಕೊಡದ ಭಾನುವಾರವನ್ನು ಆ ಮಕ್ಕಳಿಗೆ ಕೊಟ್ಟರು. 1945ರಲ್ಲಿ ಅದೇ ಶಿಬಿರದಲ್ಲಿ ತೀರಿಕೊಂಡರು.
ಹಾಗಂತ ಪ್ರತಿ ವಾರ ಆರಾಧನೆ ತಪ್ಪಿಸಲು ಇದನ್ನು ನೆಪ ಮಾಡಿಕೊಳ್ಳಬೇಡಿ. ಕ್ರೀಡಾಕೂಟ ಇರುವ ಭಾನುವಾರ ಮಕ್ಕಳ ಜೊತೆ ಹೋಗಿ, ಅಭ್ಯಾಸಕ್ಕೆ ಬೇರೆ ದಿನಗಳಿವೆಯಲ್ಲ.

ಮೈಸೂರಿನವ:
ನಾನು ಕ್ಯಾಥೊಲಿಕ್. ಐರ್ಲೆಂಡಿನ ಕ್ಯಾಥೊಲಿಕ್ ಸನ್ಯಾಸಿ ಬ್ರದರ್ ಕಾಲಮ್ ಓಕಾನೆಲ್ ಬಗ್ಗೆ ಓದಿ. 1976ರಲ್ಲಿ ಕೀನ್ಯಾದ ಇಟೆನ್‌ಗೆ ಭೂಗೋಳ ಪಾಠ ಮಾಡಲು ಹೋದವರು. ಕೋಚಿಂಗ್ ಕಲಿತವರಲ್ಲ. ಮಕ್ಕಳು ಓಡುವುದನ್ನು ನೋಡಿ ನೋಡಿಯೇ ಕಲಿತರು, ಅಲ್ಲೇ ಉಳಿದುಬಿಟ್ಟರು. ಅವರ ಶಿಷ್ಯ ಡೇವಿಡ್ ರುಡಿಶಾ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 800 ಮೀಟರನ್ನು 1:40.91ರಲ್ಲಿ ಓಡಿ ವಿಶ್ವದಾಖಲೆ ಮಾಡಿದರು. ಇಷ್ಟು ವರ್ಷ ಒಂದೇ ಊರಿನ ಮಕ್ಕಳ ಜೊತೆ ನಿಲ್ಲುವುದು ಸೇವೆಯಲ್ಲದೆ ಇನ್ನೇನು?

ಕೊನೆಯ ಲ್ಯಾಪ್:
ನಾನು ಹಿಂದೂ, ನನ್ನ ಕೋಚ್ ಕ್ರೈಸ್ತರು. ಜಿಲ್ಲಾ ಕೂಟದ 1500 ಮೀಟರಿನಲ್ಲಿ ನಾನು ಕಟ್ಟಕಡೆಗೆ ಬಂದೆ. ಎಲ್ಲರೂ ಗೆದ್ದವನ ಜೊತೆ ಫೋಟೋಗೆ ನಿಂತರು. ಸರ್ ಮಾತ್ರ ನೀರಿನ ಬಾಟಲಿ ಹಿಡಿದು ಬಂದು, ಮಂಡಿಯೂರಿ ಕೂತು, ಗುಳ್ಳೆ ಒಡೆದ ನನ್ನ ಪಾದ ತೊಳೆದು ಬಟ್ಟೆ ಕಟ್ಟಿದರು. ಒಂದು ದಿನವೂ ಧರ್ಮದ ಮಾತಾಡಿದವರಲ್ಲ. ಎಷ್ಟೋ ವರ್ಷದ ಮೇಲೆ ಗೆಳೆಯನ ಮನೆಯಲ್ಲಿ ಯೇಸು ಶಿಷ್ಯರ ಕಾಲು ತೊಳೆಯುವ ಪಟ ನೋಡಿದೆ. ಗೋಡೆ ಮುಂದೆ ಹಾಗೇ ನಿಂತುಬಿಟ್ಟೆ.

ಧಾರವಾಡದ ಓಟಗಾರ:
ನಿಮ್ಮ ಮಾತು ಮೂರು ಸಲ ಓದಿದೆ. ಅಕ್ಕಾ, ಕೂಟ ಇಲ್ಲದ ಭಾನುವಾರ ಅಭ್ಯಾಸ ಇಲ್ಲ ಅಂತ ಮಕ್ಕಳ ಗ್ರೂಪಿಗೆ ಹಾಕಿದ್ದೇನೆ. ಹಿರಿಯರನ್ನೂ ಒಂದು ಬೆಳಿಗ್ಗೆ ಮೈದಾನಕ್ಕೆ ಕರೆಯುತ್ತೇನೆ. ನಮ್ಮಲ್ಲೂ ದಿನಾ ಕೊನೆಗೆ ಬರುವ ಹುಡುಗಿಯೊಬ್ಬಳಿದ್ದಾಳೆ, ಮೂರು ದಿನದಿಂದ ಬಂದಿಲ್ಲ. ಸಂಜೆ ಅವಳ ಮನೆಗೆ ಹೋಗಿ ಬರುತ್ತೇನೆ.