ಸಹಾಯ ಬೇಕು: ಒಂದೇ ತೊಟ್ಟಿಯ ಗೋಲ್ಡ್‌ಫಿಶ್‌ಗಳ ಕಾದಾಟ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ 150 ಲೀಟರ್ ಗಾಜಿನ ತೊಟ್ಟಿಯಲ್ಲಿ ಎರಡು ಕಾಮೆಟ್ ಮತ್ತು ಒಂದು ಒರಾಂಡಾ ಗೋಲ್ಡ್‌ಫಿಶ್‌ಗಳಿದ್ದು, ದೊಡ್ಡ ಕಾಮೆಟ್ ಇತ್ತೀಚೆಗೆ ಬೆಳಕು ಹರಿಯುತ್ತಲೇ ಒರಾಂಡಾವನ್ನು ಬೆನ್ನಟ್ಟಿ, ಅದರ ಹೊಟ್ಟೆಗೆ ಮೂತಿಯಿಂದ ತಿವಿಯುತ್ತಿದೆ. ಒರಾಂಡಾದ ಬಾಲದ ಅಂಚು ಹರಿದಿದೆ. ಆಹಾರ ಹಾಕಿದರೂ ಅದು ಫಿಲ್ಟರ್ ಹಿಂದಿನ ಮೂಲೆ ಬಿಟ್ಟು ಬರುತ್ತಿಲ್ಲ.

ಬೆನ್ನಟ್ಟುವ ಮೀನಿನ ಕಿವಿರಿನ ಮುಚ್ಚಳದ ಮೇಲೂ ಎದೆಯ ಈಜುರೆಕ್ಕೆಗಳ ಮುಂದಿನ ಅಂಚಿನಲ್ಲೂ ರವೆಯಂಥ ಬಿಳಿ ಚುಕ್ಕೆಗಳಿವೆ. ಅವು ಮೈಗೆಲ್ಲ ಹರಡದಿರುವುದರಿಂದ, ಇದು ಬಿಳಿಚುಕ್ಕೆ ರೋಗವಲ್ಲ, ಮೊಟ್ಟೆಯಿಡುವ ಕಾಲದಲ್ಲಿ ಗಂಡಿಗೆ ಮೂಡುವ ಗುರುತು ಎಂದು ನನ್ನ ಅಂದಾಜು. ಅಂಗಡಿಯವರು ಮಾತ್ರ ಔಷಧಿ ಹಾಕಿ ಎನ್ನುತ್ತಾರೆ (ಅವರಲ್ಲಿ ಎಲ್ಲ ಕಾಯಿಲೆಗೂ ಅದೇ ನೀಲಿ ಬಾಟಲಿ). ತೊಟ್ಟಿಯ ನೀರನ್ನು ಕಿಟ್‌ನಲ್ಲಿ ಪರೀಕ್ಷಿಸಿದಾಗ, ಮೀನಿಗೆ ವಿಷವಾಗುವ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದಿವೆ.

ಸದ್ಯಕ್ಕೆ ತೊಟ್ಟಿಯ ನಡುವೆ ಜಾಲರಿ ನಿಲ್ಲಿಸಿದರೆ ಸಾಕೇ, ಅಥವಾ ಕಾಮೆಟ್‌ಗಳನ್ನು ತಾರಸಿಯ ಸಿಮೆಂಟ್ ತೊಟ್ಟಿಗೆ ಸಾಗಿಸುವುದೇ ಮೇಲೇ? ಉದ್ದ ಮೈಯ, ಚುರುಕಾದ ಕಾಮೆಟ್ ಜೊತೆ ನಿಧಾನವಾಗಿ ಈಜುವ ಒರಾಂಡಾವನ್ನು ಇಟ್ಟು ಸಾಕಿದ ಅನುಭವವಿರುವವರು, ಈ ಕಾಟ ತಾನಾಗಿ ತಗ್ಗುತ್ತದೆಯೇ ಎಂಬುದನ್ನೂ, ಹರಿದ ಬಾಲಕ್ಕೆ ಶುದ್ಧ ನೀರಿನ ಹೊರತಾಗಿ ಬೇರೆ ಆರೈಕೆ ಬೇಕೇ ಎಂಬುದನ್ನೂ ದಯವಿಟ್ಟು ತಿಳಿಸಿ.