ಹಿತ್ತಲಲ್ಲಿ ಮಣ್ಣಿಲ್ಲದ ತೋಟ: ಕಿಟ್ ತಗೊಳ್ಳುವ ಮುಂಚೆ ನೀರು ನೋಡಿ

ಪ್ರಶ್ನೆ (ಕೋಲಾರದಿಂದ)

ಮನೆ ಹಿಂದೆ ಹತ್ತಡಿ ಹನ್ನೆರಡಡಿಯಷ್ಟು ಸಿಮೆಂಟ್ ಜಾಗ ಖಾಲಿ ಇದೆ. ಮಣ್ಣಿಲ್ಲದೆ ಸೊಪ್ಪು ಬೆಳೆಯಬೇಕು ಅಂತ ಆಸೆ. ಪೈಪು, ಪಂಪು ಎಲ್ಲ ಸೇರಿದ ಎನ್‌ಎಫ್‌ಟಿ (ಪೈಪಿನೊಳಗೆ ತೆಳ್ಳಗೆ ಗೊಬ್ಬರದ ನೀರು ಹರಿಸುವ ವಿಧಾನ) ಕಿಟ್ ಆನ್‌ಲೈನಲ್ಲಿ ನೋಡಿದ್ದೇನೆ. ಮೀನು ಸಾಕಿ ಅದೇ ನೀರಲ್ಲಿ ಗಿಡ ಬೆಳೆಯುವ ಅಕ್ವಾಪೋನಿಕ್ಸ್ ಕೂಡ ಆಗುತ್ತದೆ ಅಂತಾರೆ. ನಮ್ಮದು ಬೋರ್ ನೀರು. ಬೇಸಿಗೆಯಲ್ಲಿ ಕರೆಂಟ್ ಆಗಾಗ ಹೋಗುತ್ತದೆ. ಮಾಡಿ ನೋಡಿದವರು ಹೇಳಿ, ಯಾವುದರಿಂದ ಶುರು ಮಾಡಲಿ?

ಯಲಹಂಕದಿಂದ

ನಮ್ಮ ಮನೆಯದೂ ಬೋರ್ ನೀರೇ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಕಿಟ್ ವಿಚಾರ ಆಮೇಲೆ. ಮೊದಲು ನಿಮ್ಮ ನೀರು ಎಂಥದ್ದು ಅಂತ ತಿಳಿದುಕೊಳ್ಳಿ. ನೀರಲ್ಲಿ ಕರಗಿದ ಒಟ್ಟು ಲವಣ ಎಷ್ಟಿದೆ ಅಂತ ಪಿಪಿಎಂ ಲೆಕ್ಕದಲ್ಲಿ ತೋರಿಸುವ ಒಂದು ಟಿಡಿಎಸ್ ಮೀಟರ್, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಹನಿ ಹಾಕಿ ಬಣ್ಣ ನೋಡುವ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಬಾಟಲಿ, ಇವೆರಡಿದ್ದರೆ ಸಾಕು.

ಯಾಕೆ ಅಂದರೆ, ಲೆಟ್ಯೂಸ್‌ಗೆ ಗೊಬ್ಬರ ಬೆರೆಸಿದ ಮೇಲಿನ ನೀರು ಮೀಟರಿನಲ್ಲಿ 400ರಿಂದ 600 ತೋರಿಸಬೇಕು. ನಿಮ್ಮ ಬೋರ್ ನೀರೇ 700 ತೋರಿಸಿದರೆ ಗೊಬ್ಬರ ಹಾಕುವುದಕ್ಕೆ ಜಾಗ ಎಲ್ಲಿದೆ? ಆ 700ರಲ್ಲಿ ಇರುವುದು ಹೆಚ್ಚಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಬೈಕಾರ್ಬೊನೇಟ್. ಗಿಡಕ್ಕೆ ಜಾಸ್ತಿ ಬೇಕಾದ ಸಾರಜನಕ, ಪೊಟ್ಯಾಷ್ ಅದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೀಟರ್‌ಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಒಟ್ಟು ಲೆಕ್ಕ ಮಾತ್ರ ಹೇಳುತ್ತದೆ.

ಪಿಎಚ್‌ದು ಇನ್ನೊಂದು ಕಥೆ. ಬೇರಿನ ಸುತ್ತ 5.5ರಿಂದ 6.5 ಇರಬೇಕು. ಗಡಸು ನೀರಿಗೆ ಆಸಿಡ್ ಹಾಕಿ ಇವತ್ತು 6ಕ್ಕೆ ಇಳಿಸಿದರೂ ಸ್ವಲ್ಪ ದಿನದಲ್ಲೇ ಮತ್ತೆ ಮೇಲೇರಿರುತ್ತದೆ. ಅದು ಬೈಕಾರ್ಬೊನೇಟ್‌ನ ಕೆಲಸ. ಪಿಎಚ್ ಏರಿದ ನೀರಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಆಗ ಸುಳಿಯ ಹೊಸ ಎಲೆ ನೋಡಿ: ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು, ಬಲೆ ಬಿಡಿಸಿದ ಹಾಗೆ ಕಾಣುತ್ತದೆ. ಕೆಳಗಿನ ಹಳೇ ಎಲೆ ಚೆನ್ನಾಗೇ ಇರುತ್ತದೆ. ಇದನ್ನು ನೋಡಿ ಬಹಳ ಜನ ಗೊಬ್ಬರ ಸಾಲಲಿಲ್ಲ ಅಂತ ಇನ್ನಷ್ಟು ಸುರಿಯುತ್ತಾರೆ. ಅಲ್ಲಿ ಗೊಬ್ಬರದ ಕೊರತೆ ಇಲ್ಲ, ಸರಿಮಾಡಬೇಕಾದ್ದು ಪಿಎಚ್.

ಪರಿಹಾರ ಸುಲಭ. ತಾರಸಿಯ ಮಳೆನೀರು ಹಿಡಿದಿಟ್ಟುಕೊಳ್ಳಿ, ಇಲ್ಲವೇ ಆರ್‌ಒ ನೀರು ಬೆರೆಸಿ. ಆರ್‌ಒ ಯಂತ್ರ ಹೊರಗೆ ಬಿಡುವ ವೇಸ್ಟ್ ನೀರು ಮಾತ್ರ ಬೇಡ. ಅದರಲ್ಲಿ ಉಪ್ಪು ಇನ್ನೂ ಜಾಸ್ತಿ.

ಈಗ ಕಿಟ್. ಕರೆಂಟ್ ಹೋಗುವ ಕಡೆ ಎನ್‌ಎಫ್‌ಟಿಯಿಂದ ಶುರು ಮಾಡಬೇಡಿ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಪೈಪಿನ ತಳದಲ್ಲಿ ತೆಳ್ಳಗೆ ಹರಿಯುವ ನೀರನ್ನೇ ಬೇರು ನಂಬಿಕೊಂಡಿರುತ್ತದೆ. ಪಂಪ್ ನಿಂತರೆ ಏಪ್ರಿಲ್ ಮಧ್ಯಾಹ್ನದಲ್ಲಿ ಗಿಡ ಬೇಗ ಬಾಡಿಬಿಡುತ್ತದೆ. ಅದರ ಬದಲು ಕ್ರಾಟ್ಕಿ ವಿಧಾನ ಹಿಡಿಯಿರಿ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಅವರು ಬೆಳೆಸಿದ ವಿಧಾನ ಅದು. ಪಂಪಿಲ್ಲ, ಕರೆಂಟಿಲ್ಲ.

20 ಲೀಟರಿನ ಪೇಂಟ್ ಬಕೆಟ್ ತಗೊಂಡು ಚೆನ್ನಾಗಿ ತೊಳೆಯಿರಿ. ಮುಚ್ಚಳದಲ್ಲಿ ಮೂರು ತೂತು, ತೂತಿಗೆ ಒಂದೊಂದು ನೆಟ್ ಪಾಟ್, ಅಂದರೆ ಜಾಲರಿಯಂಥ ಪುಟ್ಟ ಕುಂಡ. ತೊಳೆದ ಕೋಕೋಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಬೆಳೆಸಿದ ಸಸಿಯನ್ನು ಅದರಲ್ಲಿ ಕೂರಿಸಿ, ನೆಟ್ ಪಾಟಿನ ತಳ ಮುಟ್ಟುವಷ್ಟು ಗೊಬ್ಬರದ ನೀರು ತುಂಬಿ. ಗಿಡ ಕುಡಿದಂತೆ ನೀರು ಇಳಿಯುತ್ತದೆ, ನಡುವೆ ಗಾಳಿಯ ಜಾಗ ಉಳಿಯುತ್ತದೆ. ಆ ಜಾಗದಲ್ಲಿರುವ ಬೇರು ಬಿಳಿಯಾಗಿ, ಸಣ್ಣ ಸಣ್ಣ ರೋಮ ಬಿಟ್ಟುಕೊಂಡು ಗಾಳಿ ಎಳೆದುಕೊಳ್ಳುತ್ತದೆ. ಕೆಳಗಿನದು ನೀರು ಕುಡಿಯುತ್ತದೆ. ನೀರು ಇಳಿಯಿತಲ್ಲಾ ಅಂತ ಮತ್ತೆ ಕಂಠದವರೆಗೆ ತುಂಬಿದರೆ ಮೇಲಿನ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ತೀರಾ ತಳ ಕಂಡರೆ ಕಾಲುಭಾಗದಷ್ಟು ಹಾಕಿ, ಸಾಕು. ಒಂದು ಲೆಟ್ಯೂಸ್ ಗಿಡ ಕೊಯ್ಲಿನವರೆಗೆ ಸುಮಾರು 4 ಲೀಟರ್ ಕುಡಿಯುತ್ತದೆ, ನಮ್ಮ ಬೇಸಿಗೆಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ.

ಬಕೆಟ್‌ನೊಳಗೆ ಬೆಳಕು ಹೋದರೆ ಪಾಚಿ ಕಟ್ಟುತ್ತದೆ. ಹೊರಗೆ ಒಂದು ಕೋಟ್ ಕಪ್ಪು ಬಣ್ಣ, ಅದರ ಮೇಲೆ ಬಿಳಿ ಬಣ್ಣ ಹೊಡೆಯಿರಿ. ಬಿಳಿ ಯಾಕೆ ಅಂದರೆ ನೀರು ಬಿಸಿಯಾಗಬಾರದು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ನಿಮ್ಮದು ಸಿಮೆಂಟ್ ನೆಲ ಬೇರೆ, ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ಮೇಲೆ ಶೇಡ್ ನೆಟ್ ಕಟ್ಟಿ.

ಗೊಬ್ಬರಕ್ಕೆ ಎ ಮತ್ತು ಬಿ ಅಂತ ಎರಡು ಬಾಟಲಿಯ ಹೈಡ್ರೋಪೋನಿಕ್ ದ್ರಾವಣವನ್ನೇ ತಗೊಳ್ಳಿ. ಎರಡನ್ನೂ ನೇರವಾಗಿ ಒಟ್ಟಿಗೆ ಸುರಿಯಬೇಡಿ, ಕ್ಯಾಲ್ಸಿಯಂ ಹೋಗಿ ಫಾಸ್ಫೇಟ್, ಸಲ್ಫೇಟ್ ಜೊತೆ ಸೇರಿ ಸುಣ್ಣದ ಥರ ತಳದಲ್ಲಿ ಕೂತುಬಿಡುತ್ತದೆ. ನೀರಿಗೆ ಎ ಹಾಕಿ ಕಲಸಿ, ಆಮೇಲೆ ಬಿ. ಅಂಗಡಿಯವರು ಸಾರಜನಕ, ರಂಜಕ, ಪೊಟ್ಯಾಷ್ ಸಮಸಮ ಇರುವ 19:19:19 ಗೊಬ್ಬರ ಸಾಕು ಅನ್ನಬಹುದು. ಹೊಲಕ್ಕೆ ಒಳ್ಳೇದೇ. ಆದರೆ ಅದರ ಸಾರಜನಕದಲ್ಲಿ ಅರ್ಧಕ್ಕಿಂತ ಜಾಸ್ತಿ ಯೂರಿಯಾ ರೂಪದಲ್ಲಿದೆ. ಅದನ್ನು ಒಡೆದು ಕೊಡುವ ಮಣ್ಣಿನ ಸೂಕ್ಷ್ಮಜೀವಿಗಳು ನಿಮ್ಮ ಬಕೆಟ್‌ನಲ್ಲಿ ಎಲ್ಲಿ ಬರಬೇಕು? ಕ್ಯಾಲ್ಸಿಯಂ ಕೂಡ ಅದರಲ್ಲಿಲ್ಲ.

ಪುತ್ತೂರಿನಿಂದ

ಯಲಹಂಕದ ಅಕ್ಕ ಹೇಳಿದ್ದೆಲ್ಲ ಸರಿ. ನಮ್ಮ ಕಡೆ ನೀರು ಮೃದು, ಆ ತೊಂದರೆ ಇಲ್ಲ. ನಮಗೆ ಮಳೆಯದೇ ಚಿಂತೆ. ಜೂನ್ ಬಂತೆಂದರೆ ನೆಟ್ ಪಾಟಿನ ಮೂಲಕವೇ ನೀರಿಳಿದು ಗೊಬ್ಬರ ತೆಳುವಾಗುತ್ತದೆ, ಗಾಳಿಯ ಜಾಗವೂ ಮುಳುಗುತ್ತದೆ. ಮೇಲೆ ಪಾಲಿಥೀನ್ ಶೀಟಿನ ಮಾಡು ಇರಲೇಬೇಕು.

ಸೊಳ್ಳೆ ವಿಚಾರ ಯಾರೂ ಹೇಳಲಿಲ್ಲ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಇಂಥ ನಿಂತ ನೀರೇ ಬೇಕು. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಮನೆಯಲ್ಲಿ ಸೊಳ್ಳೆ ಹುಟ್ಟಲು ಬಿಟ್ಟರೆ ದಂಡ ಅಂತ ನಿಯಮ ಮಾಡಿದೆ. ಮುಚ್ಚಳ ಬಿಗಿಯಾಗಿರಲಿ, ತೂತಿನ ಸಂದಿಗೆ ಸೊಳ್ಳೆಪರದೆಯ ತುಂಡು ಸಿಕ್ಕಿಸಿ. ಸಸಿ ಮಾಡುವ ತಾಳ್ಮೆ ಇಲ್ಲದಿದ್ದರೆ ಸಂತೆಯಲ್ಲಿ ತಂದ ಪುದೀನದ ಕಡ್ಡಿಯನ್ನೇ ನೀರಲ್ಲಿಡಿ. ಬೇಗ ಬೇರು ಬಿಡುತ್ತದೆ.

ಮೈಸೂರಿನಿಂದ

ಮೀನಿನ ಬಗ್ಗೆ ಕೇಳಿದ್ದಿರಿ, ನಾನು ಅದನ್ನು ಮಾಡುತ್ತಿದ್ದೇನೆ. ನನಗೆ ತುಂಬ ಇಷ್ಟದ ಕೆಲಸ. ಆದರೂ ನೀವು ಮೊದಲು ಬಕೆಟ್‌ನಲ್ಲಿ ಕೈ ಪಳಗಿಸಿಕೊಳ್ಳಿ ಅಂತಲೇ ಹೇಳುವೆ. ಬಕೆಟ್‌ನಲ್ಲಿ ನೀರು ಕೆಟ್ಟರೆ ಸೊಪ್ಪು ಹೋಗುತ್ತದೆ, ತೊಟ್ಟಿಯಲ್ಲಿ ಕೆಟ್ಟರೆ ಜೀವ ಹೋಗುತ್ತದೆ.

ಮೀನು ಅಮೋನಿಯಾ ಬಿಡುತ್ತದೆ. ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಿ ಗಿಡಕ್ಕೆ ಕೊಡುತ್ತವೆ. ಆ ಬ್ಯಾಕ್ಟೀರಿಯಾ ಗಿಡ ನೆಟ್ಟ ಜಲ್ಲಿಕಲ್ಲಿನ ಮೇಲೆ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗೆ ಮೀನು ತುಂಬಿದರೆ ಸಾಯುತ್ತವೆ. ಇಲ್ಲೂ ಬೋರ್ ನೀರು ಕಾಡುತ್ತದೆ. ಪಿಎಚ್ 7ರಿಂದ 8ಕ್ಕೆ ಹೋದರೆ ಅಮೋನಿಯಾದಲ್ಲಿ ವಿಷದ ರೂಪದ ಪಾಲು ಹತ್ತಿರ ಹತ್ತಿರ ಹತ್ತು ಪಟ್ಟಾಗುತ್ತದೆ. ಅಮೋನಿಯಾ, ನೈಟ್ರೈಟ್ ಪರೀಕ್ಷೆಯ ಕಿಟ್ ಇಲ್ಲದೆ ಮೀನು ತರಬೇಡಿ. ಪಿಎಚ್ 7ರ ಆಸುಪಾಸು ನಿಲ್ಲಿಸಿ. ಗಿಡಕ್ಕೆ ಸ್ವಲ್ಪ ಜಾಸ್ತಿ, ಬ್ಯಾಕ್ಟೀರಿಯಾಕ್ಕೆ ಸ್ವಲ್ಪ ಕಡಿಮೆ, ಆದರೂ ಎಲ್ಲರಿಗೂ ನಡೆಯುತ್ತದೆ.

ಅಳತೆ ಬೇಕಾದರೆ: ಒಂದು ಚದರ ಮೀಟರ್ ಸೊಪ್ಪಿಗೆ ದಿನಕ್ಕೆ 40ರಿಂದ 50 ಗ್ರಾಂ ಮೀನಿನ ಆಹಾರ. ತೊಟ್ಟಿ 500 ಲೀಟರಿಗಿಂತ ಚಿಕ್ಕದು ಬೇಡ, ಚಿಕ್ಕ ತೊಟ್ಟಿಯಲ್ಲಿ ನೀರು ಬೇಗ ಹದಗೆಡುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದು ನಮ್ಮ ದೇಶದಲ್ಲಿ ನಿಷೇಧ, ತಿಲಾಪಿಯಾಕ್ಕೆ ಅನುಮತಿ ಬೇಕು. ಮೊದಲ ಸಲಕ್ಕೆ ಗೋಲ್ಡ್‌ಫಿಶ್ ಅಥವಾ ಸಾಮಾನ್ಯ ಗೆಂಡೆ ಒಳ್ಳೇದು. ಬ್ಯಾಟರಿ ಏರ್ ಪಂಪ್ ಒಂದು ಯಾವಾಗಲೂ ಚಾರ್ಜ್ ಆಗಿರಲಿ. ಗಿಡಕ್ಕೆ ಹುಳ ಬಿತ್ತು ಅಂತ ಔಷಧಿ ಹೊಡೆಯುವ ಹಾಗಿಲ್ಲ, ಬೇವಿನೆಣ್ಣೆ ಕೂಡ ತೊಟ್ಟಿಗೆ ಬೀಳಬಾರದು.

ಕೋಲಾರದಿಂದ

ಎಲ್ಲರಿಗೂ ಧನ್ಯವಾದ. ಮೀನು ಸದ್ಯಕ್ಕೆ ಬೇಡ. ಮೀಟರ್ ತಂದು ಅಳೆದೆ. ಬೋರ್ ನೀರು 840, ಪಿಎಚ್ 8ರ ಹತ್ತಿರ. ಆರ್‌ಒ ನಮ್ಮಲ್ಲಿಲ್ಲ, ಮಳೆ ಇನ್ನೂ ಬಂದಿಲ್ಲ. ಕಾಯಬೇಕಾ?

ಯಲಹಂಕದಿಂದ

ಕಾಯುವುದು ಬೇಡ. ಪಾಲಕ್‌ನಿಂದ ಶುರು ಮಾಡಿ. ನಮ್ಮ ಪಾಲಕ್ ಬೀಟ್‌ರೂಟ್ ಜಾತಿಯದು, ಲೆಟ್ಯೂಸ್‌ಗಿಂತ ಉಪ್ಪು ಚೆನ್ನಾಗಿ ತಡೆಯುತ್ತದೆ. ಅದನ್ನೂ ಬಕೆಟ್ ಬದಲು ಕೋಕೋಪೀಟ್ ತುಂಬಿದ ಗ್ರೋ ಬ್ಯಾಗ್‌ನಲ್ಲಿ ಹಾಕಿ. ಆಗಾಗ ಬರೀ ನೀರು ಜಾಸ್ತಿ ಬಿಟ್ಟು ಕೆಳಗಿನಿಂದ ಹರಿದುಹೋಗಲು ಬಿಟ್ಟರೆ ಕೂತ ಉಪ್ಪು ತೊಳೆದುಹೋಗುತ್ತದೆ. ಬೀಜಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನುಪಮ ನೋಡಿ. ಕೋಕೋಪೀಟ್‌ನಲ್ಲಿ ಬೆಳೆಯುವ ತರಕಾರಿಗೆ ಅಂತಲೇ ಅರ್ಕಾ ಸಸ್ಯ ಪೋಷಕ ರಸ ಅನ್ನುವ ದ್ರಾವಣವನ್ನೂ ಅವರು ತಯಾರಿಸಿದ್ದಾರೆ.

ಮಳೆ ಬಂದ ಮೇಲೆ ಒಂದು ಬಿಂದಿಗೆ ಬೋರ್ ನೀರಿಗೆ ನಾಲ್ಕು ಬಿಂದಿಗೆ ಮಳೆನೀರು ಸೇರಿಸಿ. ಮೀಟರ್ 200ರ ಒಳಗೆ ಬರುತ್ತದೆ. ಆಮೇಲೆ ಎ, ಬಿ ಹಾಕುತ್ತ 600ಕ್ಕೆ ನಿಲ್ಲಿಸಿ. ಪಿಎಚ್ ಗೊಬ್ಬರ ಹಾಕಿದ ಮೇಲೆ ನೋಡಿ, ಮೊದಲೇ ಅಲ್ಲ. ಅದು ತಾನಾಗೇ ಸ್ವಲ್ಪ ಇಳಿದಿರುತ್ತದೆ, ಆಸಿಡ್ ಹನಿ ಲೆಕ್ಕದಲ್ಲಿ ಸಾಕಾಗುತ್ತದೆ. ಎರಡು ಬಕೆಟ್ ಲೆಟ್ಯೂಸ್‌ಗೆ 32 ಲೀಟರ್ ಮಳೆನೀರು ಇದ್ದರೆ ಆಯಿತು. ಒಂದು ಡ್ರಮ್ ಈಗಲೇ ತಾರಸಿ ಪೈಪಿನ ಕೆಳಗೆ ಇಡಿ, ಬಾಯಿಗೆ ಬಟ್ಟೆ ಕಟ್ಟಿ.