ಅಪ್‌ಡೇಟ್: ಸೀನಿಯರ್ ನಾಟಕ ಮತ್ತು ಚಳಿಗಾಲದ ಈಜು ತಂಡ

ಮ್ಯಾಸಚೂಸೆಟ್ಸ್‌ನಲ್ಲಿ ಹನ್ನೆರಡನೆಯ ತರಗತಿ ಓದುತ್ತಿರುವ ಮಗಳು ಸೀನಿಯರ್ ನಾಟಕವನ್ನೂ (ಶಾಲೆಯ ಕೊನೆಯ ವರ್ಷದವರು ಆಡುವ ನಾಟಕ) ಚಳಿಗಾಲದ ಈಜು ತಂಡವನ್ನೂ ಒಟ್ಟಿಗೆ ನಿಭಾಯಿಸಬಹುದೇ ಎಂದು ಅಕ್ಟೋಬರ್‌ನಲ್ಲಿ ಇಲ್ಲಿ ಕೇಳಿದ್ದೆ. ನೀವು ಸೂಚಿಸಿದಂತೆ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದು ಈಜಿನ ಅಭ್ಯಾಸ ಆರಂಭವಾಗುವ ಮೊದಲೇ ಅವಳು ತರಬೇತುದಾರರನ್ನೂ ನಾಟಕದ ಶಿಕ್ಷಕಿಯನ್ನೂ ಕಂಡು, ವಾರಕ್ಕೆ ಎರಡು ಸಂಜೆ ರಿಹರ್ಸಲ್‌ಗೆ ಬಿಡುವು ಪಡೆದುಕೊಂಡಳು. ನಾಟಕ ಥಾರ್ನ್‌ಟನ್ ವೈಲ್ಡರ್ ಅವರ 1938ರ ‘ಅವರ್ ಟೌನ್’ ಆದದ್ದು ಅನುಕೂಲವೇ ಆಯಿತು. ಮೇಜು, ಕುರ್ಚಿ, ಏಣಿಗಳಷ್ಟೇ ಸಾಕಾಗುವ ಆ ನಾಟಕಕ್ಕಾಗಿ, ಇಲ್ಲದ ಒಲೆಯ ಮುಂದೆ ತಿಂಡಿ ಮಾಡುವ ಅಭಿನಯವನ್ನು ಅವಳು ನಮ್ಮ ಅಡುಗೆಮನೆಯಲ್ಲೇ, ಕ್ಲೋರಿನ್ ವಾಸನೆಯ ಒದ್ದೆ ಕೂದಲನ್ನು ಒರೆಸಿಕೊಳ್ಳುತ್ತಲೇ, ಅಭ್ಯಾಸ ಮಾಡಿದಳು. ಒಂದು ಈಜು ಸ್ಪರ್ಧೆ ತಪ್ಪಿತು, ಅದಕ್ಕಾಗಿ ಅತ್ತಳು. ಆದರೆ ಜನವರಿಯ ಪ್ರದರ್ಶನದಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದವರು ಅವಳ ಈಜು ತಂಡದ ಗೆಳತಿಯರೇ. ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು.